ತಗಡಿನ ಶೆಡ್ಡಿಗೆ ಮೊದಲು ನೆರಳು, ಕೂಲರ್ ಆಮೇಲೆ

ಏಪ್ರಿಲ್‌ನ ಒಂದು ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಶೆಡ್ಡಿನೊಳಗೆ ನಿಂತು, ದಪ್ಪನೆಯ ರಟ್ಟೊಂದನ್ನು ನೆತ್ತಿಯಿಂದ ಗೇಣು ಎತ್ತರದಲ್ಲಿ ಹಿಡಿದು ನೋಡಿ. ತಲೆ, ಭುಜದ ಮೇಲಿನ ಉರಿ ಆ ಕ್ಷಣವೇ ಇಳಿಯುತ್ತದೆ. ರಟ್ಟು ಹಿಡಿದ ಮಾತ್ರಕ್ಕೆ ಕೋಣೆಯ ಗಾಳಿಯೇನೂ ತಣ್ಣಗಾಗಿಲ್ಲ. ಕಾದ ತಗಡಿನಿಂದ ನೇರವಾಗಿ ಮೈಮೇಲೆ ಬೀಳುತ್ತಿದ್ದ ಝಳಕ್ಕೆ ತಡೆ ಬಿತ್ತು, ಅಷ್ಟೇ. ಮನೆಯ ಹಿತ್ತಲಲ್ಲಿ ಬಡಗಿ ಕೆಲಸ, ಹೊಲಿಗೆ, ಮೋಟಾರ್ ರಿಪೇರಿ ಇಟ್ಟುಕೊಂಡವರು ಬೇಸಿಗೆಗೆ ಹಣ ಖರ್ಚು ಮಾಡುವ ಮುನ್ನ ಈ ಪರೀಕ್ಷೆ ಮಾಡಿಕೊಳ್ಳಬೇಕು. ಹಣ ಎಲ್ಲಿ ಹಾಕಬೇಕೆಂದು ಆ ರಟ್ಟೇ ಹೇಳುತ್ತದೆ.

ಕಲಬುರಗಿಯ ನಮ್ಮ ಮನೆಯ ಹಿಂದೆ ಹತ್ತು ಅಡಿಗೆ ಹದಿನಾಲ್ಕು ಅಡಿಯ ಪತ್ರಾಸಿನ ಶೆಡ್ಡು ಇದೆ. ಮರಗೆಲಸ ಶುರು ಮಾಡಿದ ಮೊದಲ ಬೇಸಿಗೆಯಲ್ಲಿ ನಾನು ಸೀದಾ ಹೋಗಿ ಕೂಲರ್ ತಂದೆ. ತಂಪು ಹೊರಗೆ ಹೋಗಬಾರದೆಂದು ಬಾಗಿಲು, ಕಿಟಕಿ ಮುಚ್ಚಿದೆ. ಒಂದು ಗಂಟೆಯೊಳಗೆ ಒಳಗೆಲ್ಲ ಹಬೆ. ವಾರದೊಳಗೆ ಉಳಿಗಳ ಮೇಲೆ ತುಕ್ಕಿನ ಚುಕ್ಕೆ ಬಿದ್ದವು, ಸಾಗುವಾನಿಯ ಡ್ರಾಯರ್ ಉಬ್ಬಿ ಚೌಕಟ್ಟಿನಲ್ಲಿ ಕಚ್ಚಿಕೊಂಡಿತು. ಕೂಲರಿನದು ಏನೂ ತಪ್ಪಿರಲಿಲ್ಲ. ಕೊನೆಗೆ ಮಾಡಬೇಕಾದದ್ದನ್ನು ನಾನು ಮೊದಲು ಮಾಡಿದ್ದೆ.

ಸೂರ್ಯ ಎಲ್ಲಿಂದ ಹೊಡೆಯುತ್ತಾನೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಮ್ಮ ಅಕ್ಷಾಂಶದಲ್ಲಿ ಬೇಸಿಗೆಯ ನಡುಹಗಲು ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ನೆರಳೇ ಬೀಳದ ದಿನ ಬೆಂಗಳೂರಿಗೆ ಏಪ್ರಿಲ್ 24-25ಕ್ಕೆ ಬಂದರೆ, ಕಲಬುರಗಿಗೆ ಮೇ 10ರ ಆಸುಪಾಸಿನಲ್ಲಿ ಬರುತ್ತದೆ. ಆ ದಿನಗಳಲ್ಲಿ ತೆಂಕಣ ಗೋಡೆಗೆ ಬಿಸಿಲು ತಾಗುವುದೇ ಕಡಿಮೆ. ಇಡೀ ಪೆಟ್ಟು ಚಾವಣಿಗೆ. ಅದು ಬಿಟ್ಟರೆ ಮಧ್ಯಾಹ್ನದ ಮೇಲೆ ಪಡುವಣ ಗೋಡೆಗೆ. ಹಾಗಾಗಿ ತೆಂಕಣ ಕಿಟಕಿಗೆ ಪರದೆ ಹೊಲಿಸುತ್ತ ಕೂರಬೇಡಿ, ಏಣಿ ಹಾಕಿ ಮೇಲೆ ಹತ್ತಿ.

ಚಾವಣಿಗೆ ಬಿಳಿ ಬಣ್ಣ

ಹೊಳೆಯುವ ಹೊಸ ತಗಡು ಬಿಸಿಲನ್ನು ವಾಪಸು ಕಳಿಸುತ್ತದೆ, ಅದಕ್ಕೆ ಬಣ್ಣ ಯಾಕೆ ಎಂದು ಕೇಳುವವರಿದ್ದಾರೆ. ಬೆಳಕನ್ನು ಅದು ಚೆನ್ನಾಗಿಯೇ ಹಿಂದಿರುಗಿಸುತ್ತದೆ. ಆದರೆ ಹೀರಿಕೊಂಡ ಸ್ವಲ್ಪ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದರಲ್ಲಿ ಬರಿಯ ಲೋಹ ಬಲು ಜಿಪುಣ. ಅದಕ್ಕೇ ಮುಟ್ಟಿದರೆ ಕೈ ಸುಡುತ್ತದೆ. ಬಿಳಿ ಬಣ್ಣ ಎರಡೂ ಕೆಲಸ ಮಾಡುತ್ತದೆ: ಬಿಸಿಲನ್ನು ತಿರುಗಿಸುತ್ತದೆ, ಹೀರಿದ ಶಾಖವನ್ನು ಬೇಗ ಹೊರಹಾಕುತ್ತದೆ. ಅಹಮದಾಬಾದ್ ನಗರ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ತಂದು, ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವ ಕೆಲಸವನ್ನೂ ಅದಕ್ಕೆ ಸೇರಿಸಿಕೊಂಡಿತು. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಒಂದು ನೀತಿ ಮಾಡಿತು. ಒಳಗಿನ ಉಷ್ಣಾಂಶ ಎರಡರಿಂದ ಐದು ಡಿಗ್ರಿ ಇಳಿಯಬಹುದು. ಅದಕ್ಕಿಂತ ಮುಖ್ಯವಾಗಿ, ನೆತ್ತಿಯ ಮೇಲಿನ ಝಳ ಕಡಿಮೆಯಾಗುತ್ತದೆ.

ಯಾವ ಚಾವಣಿಗೆ ಯಾವ ಬಣ್ಣ ಎಂಬಲ್ಲಿ ತಪ್ಪಬೇಡಿ. ಆರ್‌ಸಿಸಿ ಅಥವಾ ಫರ್ಸಿ ಕಲ್ಲಿನ ಚಾವಣಿಗೆ ಸುಣ್ಣ ಸಾಕು. ಬಕೆಟ್‌ಗೆ ಒಂದಿಷ್ಟು ಅಂಟು ಬೆರೆಸಿ ಎರಡು ಕೈ ಹೊಡೆದರೆ ಆ ಬೇಸಿಗೆ ಕಳೆಯುತ್ತದೆ. ಸತುವು ಲೇಪಿಸಿದ ತಗಡಿಗೆ ಮಾತ್ರ ಸುಣ್ಣ ಬೇಡ. ಹಸಿ ಸುಣ್ಣ ಸತುವನ್ನು ತಿನ್ನುತ್ತದೆ, ಒಣಗಿದ ಮೇಲೆ ಹಪ್ಪಳದಂತೆ ಏಳುತ್ತದೆ. ತಗಡಿನ ತುಕ್ಕು ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಲೋಹಕ್ಕೆ ಹಿಡಿಯುವ ಪ್ರೈಮರ್ ಒಂದು ಕೈ, ಹೊರಗೋಡೆಗೆ ಬಳಸುವ ಬಿಳಿ ಅಕ್ರಿಲಿಕ್ ಅಥವಾ ‘ಕೂಲ್ ರೂಫ್’ ಬಣ್ಣ ಎರಡು ಕೈ ಹೊಡೆಯಿರಿ. ಬೆಳಗಿನ ಆರರಿಂದ ಒಂಬತ್ತರೊಳಗೆ ಮುಗಿಸಿ. ಕಾದ ತಗಡಿನ ಮೇಲೆ ಬಣ್ಣ ಹರಡುವ ಮೊದಲೇ ಒಣಗಿಬಿಡುತ್ತದೆ.

ಸಿಮೆಂಟ್ ಶೀಟಿನವರು ಇನ್ನೂ ಎಚ್ಚರದಿಂದಿರಬೇಕು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಒಣಗಿದ್ದಾಗ ಉಜ್ಜುವುದು, ಕೆರೆಯುವುದು, ಡ್ರಿಲ್ ಮಾಡುವುದು ಬೇಡವೇ ಬೇಡ. ಆ ಪುಡಿ ಶ್ವಾಸಕೋಶಕ್ಕೆ ವಿಷ. ಅದರ ಮೇಲೆ ನೇರವಾಗಿ ಕಾಲಿಡಲೂಬೇಡಿ. ಕೆಳಗಿನ ತೊಲೆಗಳಿಗೆ ಅಡ್ಡವಾಗಿ ಉದ್ದನೆಯ ಹಲಗೆ ಹಾಕಿಕೊಂಡು, ಕೆಳಗೊಬ್ಬರನ್ನು ನಿಲ್ಲಿಸಿಕೊಂಡೇ ಹತ್ತಿ.

ನಮ್ಮ ಕಡೆಯ ಧೂಳಿಗೆ ಬಿಳಿ ಬಣ್ಣ ಒಂದೇ ತಿಂಗಳಲ್ಲಿ ಮಂಕಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆ ಕಟ್ಟಿದ ಕೋಲಿನಿಂದ ಒರೆಸಿದರೆ ಅದರ ಗುಣ ಉಳಿಯುತ್ತದೆ.

ಮೇಲೊಂದು ಹಂದರ, ಕೆಳಗೊಂದು ಪದರ

ಬಣ್ಣಕ್ಕಿಂತಲೂ ಒಂದು ಕೈ ಮೇಲು ಎಂದರೆ ಬಿಸಿಲು ತಗಡನ್ನು ಮುಟ್ಟದಂತೆ ಮಾಡುವುದು. ತೊಗರಿ ಕಟ್ಟಿಗೆಯನ್ನೋ ಜೋಳದ ದಂಟನ್ನೋ ಚಾವಣಿಯ ಮೇಲೆ ಹರಡುವುದು ನಮ್ಮ ಹಳ್ಳಿಗಳ ಹಳೆಯ ಉಪಾಯ. ಹೊಲಿಗೆ ಮಷೀನ್ ಇಟ್ಟುಕೊಂಡವರಿಗೆ ಅದು ಈಗಲೂ ಸಾಕು. ವೆಲ್ಡಿಂಗ್, ಗ್ರೈಂಡರ್ ಇದ್ದಲ್ಲಿ ಮಾತ್ರ ಬೇಡ, ಕಿಡಿ ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಅಲ್ಲಿ ತೋಟಕ್ಕೆ ಬಳಸುವ ಶೇಡ್ ನೆಟ್ ತನ್ನಿ. ತಗಡಿಗೆ ಅಂಟಿಸಿ ಹಾಸಿದರೆ ಪ್ರಯೋಜನ ಅರ್ಧಕ್ಕರ್ಧ ಹೋಗುತ್ತದೆ. ಒಂದು ಅಡಿಯಿಂದ ಒಂದೂವರೆ ಅಡಿ ಎತ್ತರದಲ್ಲಿ ಹಂದರದಂತೆ ಎಳೆದು ಕಟ್ಟಬೇಕು, ನಡುವೆ ಗಾಳಿ ಆಡಬೇಕು. ಏಪ್ರಿಲ್, ಮೇ ಸಂಜೆಗಳ ಗುಡುಗು ಗಾಳಿ ನಿಮಗೆ ಗೊತ್ತೇ ಇದೆ. ನಾಲ್ಕೂ ಮೂಲೆಗೆ ಹಗ್ಗವನ್ನಲ್ಲ, ತಂತಿಯನ್ನೇ ಕಟ್ಟಿ.

ಒಳಗಿನ ಪದರಕ್ಕೆ ತಗಡಿನಿಂದ ಅರ್ಧ ಅಡಿ ಕೆಳಗೆ ಪ್ಲೈವುಡ್, ಬಿದಿರಿನ ಚಾಪೆ ಅಥವಾ ಬೆಳ್ಳಿ ಹಾಳೆಯ ಇನ್ಸುಲೇಷನ್ ಶೀಟು ಕಟ್ಟಬಹುದು. ಬೆಳ್ಳಿ ಹಾಳೆಯ ಹೊಳಪಿನ ಮುಖ ಖಾಲಿ ಜಾಗದ ಕಡೆಗಿರಬೇಕು, ತಗಡಿಗೆ ತಾಗಿದರೆ ಅದರಿಂದ ಲಾಭವಿಲ್ಲ. ಆ ಅರ್ಧ ಅಡಿಯ ಸಂದನ್ನು ಎರಡೂ ತುದಿಯಲ್ಲಿ ತೆರೆದಿಡಿ, ಇಲಿ ಹೋಗದಂತೆ ಜಾಲರಿ ಹಾಕಿ. ಅಗ್ಗವೆಂದು ಬರಿಯ ಥರ್ಮಾಕೋಲ್ ಅಂಟಿಸುವವರನ್ನು ನೋಡಿದ್ದೇನೆ. ಮರದ ಹೊಟ್ಟು, ತಿನ್ನರ್, ಕಿಡಿ ಇರುವ ಜಾಗದಲ್ಲಿ ಅದು ತಲೆಯ ಮೇಲೆ ಬೆಂಕಿ ಇಟ್ಟುಕೊಂಡಂತೆ. ದಯವಿಟ್ಟು ಬೇಡ.

ಪಡುವಣ ಗೋಡೆಗೆ ತೊಂಡೆ ಬಳ್ಳಿ ಹಬ್ಬಿಸಿ. ಈ ಬೇಸಿಗೆಗೆ ಆಗುವುದಿಲ್ಲ, ಮಳೆಗಾಲದಲ್ಲಿ ನೆಟ್ಟರೆ ಮುಂದಿನ ವರ್ಷಕ್ಕೆ ನೆರಳೂ ಉಂಟು, ಪಲ್ಯವೂ ಉಂಟು. ಈಗಿನ ಮಟ್ಟಿಗೆ ಗೋಡೆಯಿಂದ ಒಂದು ಅಡಿ ಬಿಟ್ಟು ಗೋಣಿ ಪರದೆ ಇಳಿಬಿಡಿ.

ಬಿಸಿ ಗಾಳಿಗೆ ದಾರಿ

ಕಾದ ಗಾಳಿ ಮೇಲೇರುತ್ತದೆ. ಅದು ಹೊರಹೋಗಲು ಮೇಲೆ ಕಿಂಡಿ, ಅದರ ಜಾಗ ತುಂಬಲು ನೆರಳಿನ ಬದಿಯಲ್ಲಿ, ಅಂದರೆ ಬಡಗಣ ಅಥವಾ ಮೂಡಣ ಗೋಡೆಯ ಬುಡದಲ್ಲಿ ಇನ್ನೊಂದು ಕಿಂಡಿ ಬೇಕು. ಮೇಲಿನದು ಕೆಳಗಿನದಕ್ಕಿಂತ ಚಿಕ್ಕದಾಗಬಾರದು. ಎಕ್ಸಾಸ್ಟ್ ಫ್ಯಾನ್ ಹಾಕುವುದಾದರೆ ಅದೂ ಮೇಲೇ ಇರಲಿ, ಹೊರಕ್ಕೆ ದಬ್ಬುವಂತಿರಲಿ. ಚಾವಣಿಯ ಮೇಲೆ ತಿರುಗುವ ಟರ್ಬೊ ವೆಂಟಿಲೇಟರ್‌ಗೆ ಕರೆಂಟ್ ಬೇಡ, ಆದರೆ ಕೆಳಗಿನ ಕಿಂಡಿ ಇಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತದೆ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ನಿಮ್ಮ ಕೆಲಸದ ಕೋಣೆ ದಪ್ಪ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಹಳೆ ಮನೆಯಲ್ಲಿದ್ದರೆ ಲೆಕ್ಕ ತಿರುಗಾಮುರುಗಾ. ರಾತ್ರಿಯಿಡೀ ಬೆಳಕಿಂಡಿ, ಕಿಟಕಿ ತೆರೆದು ಗೋಡೆ ತಣಿಯಲು ಬಿಡಿ, ಬೆಳಿಗ್ಗೆ ಒಂಬತ್ತರೊಳಗೆ ಎಲ್ಲ ಮುಚ್ಚಿ. ಗೋಡೆ ಕಾಯುವುದಕ್ಕೆ ಸಂಜೆಯಾಗುತ್ತದೆ. ತಗಡಿನ ಶೆಡ್ಡಿಗೆ ಹಾಗೆ ತಂಪು ಹಿಡಿದಿಡುವ ತಾಕತ್ತಿಲ್ಲ. ಅದನ್ನು ಮುಚ್ಚಿದರೆ ಒಲೆಯಾಗುತ್ತದೆ.

ಈಗ ಫ್ಯಾನು, ಕೂಲರು

ತಗಡಿನ ಕೆಳಗೆ ಸೀಲಿಂಗ್ ಫ್ಯಾನ್ ಹಾಕಿದರೆ ಮೇಲೆ ನಿಂತ ಬಿಸಿ ಗಾಳಿಯನ್ನೇ ಅದು ತಲೆಗೆ ಸುರಿಯುತ್ತದೆ. ಪಕ್ಕದಿಂದ ಬೀಸುವ ಸ್ಟ್ಯಾಂಡ್ ಫ್ಯಾನ್ ಲೇಸು. ಒಳಗಿನ ಗಾಳಿ 40 ಡಿಗ್ರಿ ದಾಟಿದ ಮೇಲೆ ಬರಿಯ ಫ್ಯಾನನ್ನು ನಂಬಬೇಡಿ, ಅದು ಮೈಯನ್ನು ಇನ್ನಷ್ಟು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ.

ಕೂಲರಿನ ಗುಟ್ಟು ನೀರು ಆವಿಯಾಗುವುದರಲ್ಲಿದೆ. ಒಂದು ಲೀಟರ್ ನೀರು ಆವಿಯಾದರೆ, 1000 ವಾಟ್‌ನ ಹೀಟರ್ ಸುಮಾರು 40 ನಿಮಿಷ ಉರಿದು ಕೊಡುವಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದ್ದರೆ ಮಾತ್ರ ಇದು ಸಾಧ್ಯ. ಹೊರಗೆ 42 ಡಿಗ್ರಿ, ತೇವಾಂಶ ಶೇ 20 ಇರುವ ರಾಯಚೂರು, ಕಲಬುರಗಿಯ ಮಧ್ಯಾಹ್ನದಲ್ಲಿ ಒಳ್ಳೆಯ ಕೂಲರ್ 30 ಡಿಗ್ರಿಯ ಆಸುಪಾಸಿನ ಗಾಳಿ ಬೀಸಬಲ್ಲದು. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ 65 ಇದ್ದಾಗ ಅದೇ ಕೂಲರಿನಿಂದ ನಾಲ್ಕೈದು ಡಿಗ್ರಿಗಿಂತ ಹೆಚ್ಚು ಇಳಿಯದು, ಮೈಗೆ ಅಂಟು ಬೇರೆ. ಕರಾವಳಿಯವರು ಆ ಹಣವನ್ನು ಎಕ್ಸಾಸ್ಟ್ ಫ್ಯಾನಿಗೆ ಹಾಕುವುದು ಮೇಲು.

ಕೂಲರನ್ನು ಕಿಟಕಿಯ ಹೊರಗೆ, ನೆರಳಿನಲ್ಲಿ ಇಡಿ. ಎದುರಿನ ಕಿಟಕಿ ತೆರೆದೇ ಇರಲಿ. ನಾನು ಮಾಡಿದ ತಪ್ಪು ಇದೇ. ಮುಚ್ಚಿದ ಕೋಣೆಯಲ್ಲಿ ಅದೇ ಒದ್ದೆ ಗಾಳಿ ಸುತ್ತುತ್ತಿದ್ದರೆ ನೀರು ಆವಿಯಾಗುವುದೇ ನಿಲ್ಲುತ್ತದೆ. ಗಾಳಿ ನಿಮ್ಮ ಮೇಲೆ ಬೀಳಲಿ, ಮರದ ದಾಸ್ತಾನಿನ ಮೇಲೆ ಬೇಡ. ಸಂಜೆ ಕೆಲಸ ಮುಗಿದಾಗ ನೀರು ನಿಲ್ಲಿಸಿ ಹತ್ತು ನಿಮಿಷ ಬರಿ ಗಾಳಿ ಬಿಡಿ, ಉಳಿಗೆ, ಗರಗಸಕ್ಕೆ ಒಂದು ಹನಿ ಎಣ್ಣೆ ಸವರಿ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜಿ, ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತಾಣವಿಲ್ಲ.

ಒಳಗೇ ಹುಟ್ಟುವ ಬಿಸಿಯನ್ನೂ ನೋಡಿಕೊಳ್ಳಿ. ಶೆಡ್ಡಿನೊಳಗೆ ಉರಿದ ಕರೆಂಟೆಲ್ಲ ಕೊನೆಗೆ ಶಾಖವೇ. 100 ವಾಟ್ ಬಲ್ಬ್ ತೆಗೆದು 9 ವಾಟ್ ಎಲ್‌ಇಡಿ ಹಾಕಿ. ಟೈಲರಿಂಗ್ ಮಾಡುವವರು ಇಸ್ತ್ರಿಯನ್ನು ಬಾಗಿಲ ಬಳಿಗೋ ಪಡಸಾಲೆಗೋ ಸಾಗಿಸಿ, ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ. ತಿನ್ನರ್, ಸ್ಪ್ರೇ ಡಬ್ಬಿ, ಡ್ರಿಲ್ಲಿನ ಬ್ಯಾಟರಿ ಇವು ಬೇಸಿಗೆಯಲ್ಲಿ ಶೆಡ್ಡಿನೊಳಗೆ ಇರಲೇಬಾರದು. ಅಗಸೆ ಎಣ್ಣೆಯ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರವಿ, ಪೂರ್ತಿ ಒಣಗಿದ ಮೇಲೆ ಬಿಸಾಡಿ.

ಹೊತ್ತು ಮತ್ತು ಮೈ

ಏಪ್ರಿಲ್, ಮೇನಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ನಾವೂ ಹಾಗೆ ಬದಲಾಗಬೇಕು. ನಾನು ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ಭಾರದ ಕೆಲಸ ನಿಲ್ಲಿಸುತ್ತೇನೆ. ಅಳತೆ, ಗುರುತು, ಉಜ್ಜುವ ಹಗುರ ಕೆಲಸ ಸಂಜೆ ಐದರ ಮೇಲೆ.

ಬಾಯಾರುವವರೆಗೆ ಕಾಯದೆ ಹದಿನೈದಿಪ್ಪತ್ತು ನಿಮಿಷಕ್ಕೊಂದು ಲೋಟ ನೀರು ಕುಡಿಯಿರಿ. ಬೆವರು ಧಾರಾಕಾರ ಹರಿದ ದಿನ ಉಪ್ಪು ಹಾಕಿದ ಮಜ್ಜಿಗೆಯೋ ಅಂಬಲಿಯೋ ಇರಲಿ. ತಲೆ ತಿರುಗುವುದು, ಓಕರಿಕೆ, ಕಾಲಿನ ಸ್ನಾಯು ಹಿಡಿದುಕೊಳ್ಳುವುದು ಕಂಡರೆ ಅಲ್ಲಿಗೇ ಕೆಲಸ ಬಿಟ್ಟು ನೆರಳಿಗೆ ಬನ್ನಿ. ಜತೆಗಿದ್ದವರ ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ ಅದು ಬಿಸಿಲಾಘಾತ, ಬೆವರುತ್ತಿದ್ದರೂ ಸರಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಮೈಮೇಲೆ ಸುರಿದು ಗಾಳಿ ಹಾಕುತ್ತಲೇ ಇರಿ. ಪ್ರಜ್ಞೆ ಮಂಕಾದವರ ಬಾಯಿಗೆ ಮಾತ್ರ ಒಂದು ಹನಿಯೂ ನೀರು ಹಾಕಬೇಡಿ.