ಹಳೆ ಕಾರಿನ ಸೀಟಿಗೆ ತುಕ್ಕು ಹಿಡಿದಿದೆಯಾ? ಫ್ರೇಮ್ ಗುಜರಿಗೆ ಹಾಕಬೇಡಿ

ಬಳ್ಳಾರಿಯಂಥ ಒಣ ಊರಲ್ಲಿ ಸೀಟಿನ ಫ್ರೇಮ್‌ಗೆ ತುಕ್ಕು ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಮಳೆ ಕಡಿಮೆ, ನಿಜ. ಆದರೆ ಇಲ್ಲಿನ ಬಿಸಿಲಿಗೆ ಮುಂದಿನ ಗಾಜಿನ ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಬಿದ್ದ ಒಂದೆರಡು ಮಳೆಯ ನೀರು ಅಲ್ಲಿಂದಲೇ ಒಳಗಿಳಿದು ಮ್ಯಾಟ್ ಕೆಳಗೆ ನಿಲ್ಲುತ್ತದೆ. ಜೊತೆಗೆ ಸಂಡೂರು ಕಡೆಯ ಕೆಂಪು ಧೂಳು ಸಂದಿಗಳಲ್ಲಿ ಕೂತು ತೇವವನ್ನು ಬಿಡುವುದೇ ಇಲ್ಲ. ಹಾಗಾಗಿ ಸೀಟಿನ ಕಾಲು ಮತ್ತು ಸೀಟು ಹಿಂದೆ ಮುಂದೆ ಜಾರುವ ಹಳಿಯೇ ಮೊದಲು ಕೊಳೆಯುವುದು.

ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಗುಜರಿಯಲ್ಲಿ ಹುಡುಕಿ ಬೇರೆ ಫ್ರೇಮ್ ತಂದರೂ ಅದಕ್ಕೂ ತುಕ್ಕು ಇದ್ದೇ ಇರುತ್ತದೆ. ಇರುವುದನ್ನೇ ಸರಿಮಾಡಿಕೊಳ್ಳುವುದು ಲೇಸು.

ಬಿಚ್ಚುವುದು

ಸೀಟನ್ನು ನೆಲಕ್ಕೆ ಹಿಡಿದಿರುವ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಪಾನಾ ಹಾಕಿ ಒಂದೇ ಸಲ ಜಗ್ಗಬೇಡಿ. ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಸೀಟಿನ ಕೆಳಗೆ ವೈರ್ ಇರುವ ಕಾರಾದರೆ ಮೊದಲು ಬ್ಯಾಟರಿ ಕಳಚಿ. ಸೀಟಿನಲ್ಲೇ ಏರ್‌ಬ್ಯಾಗ್ ಇದ್ದರೆ ಆ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ಕವರ್ ತೆಗೆಯುವ ಮುಂಚೆ ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ಹೊಡೆದುಕೊಳ್ಳಿ. ಬಟ್ಟೆಯನ್ನು ಫ್ರೇಮ್‌ಗೆ ಬಿಗಿದಿರುವ ತಂತಿ ಬಳೆಗಳನ್ನು ಕಟ್ಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ. ಹೊಸ ಬಳೆ ಕುಶನ್ ಅಂಗಡಿಯಲ್ಲಿ ಸಿಗುತ್ತವೆ, ಹಳೆಯವಕ್ಕೆ ಆಸೆಪಡಬೇಡಿ.

ನೋಡುವುದು

ಜನ ಹೆಚ್ಚು ಅವಸರ ಮಾಡುವುದು ಇಲ್ಲೇ. ಕೈಗೆ ಬ್ರಷ್ ಬಂದ ಕೂಡಲೇ ಉಜ್ಜಲು ಶುರು. ಮೊದಲು ತುಕ್ಕು ಮೇಲ್ಮೈಯಲ್ಲಿದೆಯಾ, ಕಬ್ಬಿಣವನ್ನೇ ತಿಂದಿದೆಯಾ ಅಂತ ತಿಳಿಯಬೇಕು. ಒಂದು ಸ್ಕ್ರೂಡ್ರೈವರ್ ತಗೊಂಡು ಅದರ ಹಿಡಿಯಿಂದ ಪೈಪನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ. ತೆಳುವಾದ ಕಡೆ ಸದ್ದು ಸತ್ತಂತಿರುತ್ತದೆ. ಅಲ್ಲಿ ತುದಿಯಿಂದ ಚುಚ್ಚಿ ನೋಡಿ. ತಗ್ಗು ಬಿದ್ದರೆ, ತೂತಾದರೆ ಅದಕ್ಕೆ ಬಣ್ಣ ಬಳಿದು ಪ್ರಯೋಜನವಿಲ್ಲ. ಫ್ರೇಮನ್ನು ಎತ್ತಿ ಒಮ್ಮೆ ಅಲ್ಲಾಡಿಸಿ. ಒಳಗೆ ಗರಗರ ಅಂದರೆ ಪೈಪಿನ ಒಳಗೋಡೆಯಿಂದ ತುಕ್ಕಿನ ಹೊಪ್ಪಳೆ ಉದುರುತ್ತಿದೆ ಅಂತ ಅರ್ಥ. ಪೈಪಿನ ತುದಿಯನ್ನು ಚಪ್ಪಟೆ ಮಾಡಿ ಬೋಲ್ಟ್ ತೂರಿಸಿರುವ ಜಾಗ, ಬೆನ್ನು ಒರಗಿಸುವ ಕೀಲು, ಬೆಸುಗೆಯ ಅಂಚು, ಇವನ್ನು ಎರಡೆರಡು ಸಲ ನೋಡಿ.

ತೂತಾದ ಭಾಗ ಕತ್ತರಿಸಿ ಹೊಸ ತುಂಡು ಕೂರಿಸಬೇಕಾದರೆ ಸಿಓ2 ವೆಲ್ಡಿಂಗ್ (ಕಡ್ಡಿಯ ಬದಲು ಸುರುಳಿಯಿಂದ ತೆಳು ತಂತಿ ಬರುವ ವೆಲ್ಡಿಂಗ್) ಇರುವ ಅಂಗಡಿಗೇ ಹೋಗಿ. ಗೇಟು, ಗ್ರಿಲ್ ಮಾಡುವ ಕಡ್ಡಿ ವೆಲ್ಡಿಂಗ್ ಈ ತೆಳು ಪೈಪನ್ನು ಸುಟ್ಟು ಇನ್ನೊಂದು ತೂತು ಮಾಡಿಬಿಡುತ್ತದೆ. ಕೆಲವು ಕಾರುಗಳಲ್ಲಿ ಸೀಟ್ ಬೆಲ್ಟಿನ ಬಕಲ್ ಫ್ರೇಮ್‌ಗೇ ಇರುತ್ತದೆ. ಅಲ್ಲಿ ಕೊಳೆತಿದ್ದರೆ ತೇಪೆ ಬೇಡವೇ ಬೇಡ. ಆ ಫ್ರೇಮ್ ಬದಲಿಸಿ, ನನ್ನ ಮಾತು ಇಷ್ಟೇ.

ಉಜ್ಜುವುದು

ಪೈಪಿನ ಭಾಗಕ್ಕೆ ಗ್ರೈಂಡರ್‌ಗೆ ಹಾಕುವ ತಂತಿ ಬ್ರಷ್ ಸಾಕು. ಆ ಬ್ರಷ್ಷಿನ ತಂತಿ ಸೂಜಿಯಂತೆ ಹಾರುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟಬೇಡಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಮಾಸ್ಕ್ ಕೂಡ ಬೇಕು. ಮಕ್ಕಳು ಆಡುವ ಅಂಗಳದಲ್ಲಿ ಈ ಕೆಲಸ ಬೇಡ.

ಬ್ರಷ್ ಹೋಗದ ಸಣ್ಣ ಬಿಡಿಭಾಗಗಳಿಗೆ ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಕೆಲವು ಗಂಟೆ ನೆನೆಸಿಡಿ. ಆಮೇಲೆ ವಾಷಿಂಗ್ ಸೋಡಾ ನೀರಲ್ಲಿ ತೊಳೆದರೆ ಹುಳಿ ಹೋಗುತ್ತದೆ. ಸ್ಪ್ರಿಂಗ್‌ಗಳನ್ನು ಮಾತ್ರ ಯಾವ ಆಸಿಡ್‌ಗೂ ಹಾಕಬೇಡಿ. ಆಸಿಡ್ ಕಬ್ಬಿಣವನ್ನು ತಿನ್ನುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದು ಗಡುಸಾದ ಉಕ್ಕಿನೊಳಗೆ ಸೇರಿಕೊಂಡು ಸ್ಪ್ರಿಂಗನ್ನು ಪೆಡಸು ಮಾಡುತ್ತದೆ, ಕೂತಾಗ ಪಟ್ಟನೆ ಮುರಿಯಬಹುದು. ಅವನ್ನು ಕೈಬ್ರಷ್ ಮತ್ತು ಎಮರಿ ಪೇಪರ್‌ನಿಂದಲೇ ಉಜ್ಜಿ. ಬೇಸರದ ಕೆಲಸ, ಆದರೆ ದಾರಿ ಅದೊಂದೇ.

ಬಣ್ಣ

ತೊಳೆದ ಕಬ್ಬಿಣ ನೋಡನೋಡುತ್ತಲೇ ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಚೆನ್ನಾಗಿ ಒಣಗಿಸಿ, ಥಿನ್ನರ್ ಬಟ್ಟೆಯಿಂದ ಎಣ್ಣೆ ಪಸೆ ಒರೆಸಿ, ಅದೇ ದಿನ ಪ್ರೈಮರ್ ಹಾಕಿ. ರೆಡ್ ಆಕ್ಸೈಡ್ ಅಗ್ಗ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ, ನಮ್ಮ ಸಂಡೂರಿನ ಅದಿರಿನಂತೆ! ಖರ್ಚಿಗೆ ಹಿಂಜರಿಯದಿದ್ದರೆ ಎಪಾಕ್ಸಿ ಪ್ರೈಮರ್ ಜಾಸ್ತಿ ಬಾಳಿಕೆ ಬರುತ್ತದೆ. ಪೌಡರ್ ಕೋಟಿಂಗ್ ಮಾಡಿಸುವವರು ನೆನಪಿಡಿ, ಅದನ್ನು ಸುಮಾರು 180ರಿಂದ 200 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್ ಬುಷ್, ಗ್ರೀಸ್ ಯಾವುದೂ ಉಳಿದಿರಬಾರದು.

ಏಪ್ರಿಲ್–ಮೇ ಮಧ್ಯಾಹ್ನ ನಮ್ಮಲ್ಲಿ ಬಣ್ಣ ಹೊಡೆಯುವ ಹೊತ್ತಲ್ಲ. ಕಾದ ಕಬ್ಬಿಣಕ್ಕೆ ಬೀಳುವ ಮುಂಚೆಯೇ ಥಿನ್ನರ್ ಆರಿ ಬಣ್ಣ ಪುಡಿಪುಡಿಯಾಗಿ ಕೂರುತ್ತದೆ, ಇಲ್ಲವೇ ಗುಳ್ಳೆ ಏಳುತ್ತದೆ. ಬೆಳಿಗ್ಗೆ ಬೇಗ, ನೆರಳಲ್ಲಿ ಮಾಡಿ. ಆಷಾಢದ ಗಾಳಿ ಇದ್ದರೆ ಬಾಗಿಲು ಮುಚ್ಚಿದ ಶೆಡ್ಡೇ ಗತಿ, ಆದರೆ ಒಂದು ಕಿಟಕಿಯಾದರೂ ತೆರೆದಿರಲಿ. ದಪ್ಪಗೆ ಒಂದು ಕೋಟ್ ಬಳಿಯುವ ಬದಲು ತೆಳುವಾಗಿ ಎರಡು ಹೊಡೆಯಿರಿ. ಸೀಟು ಜಾರುವ ಹಳಿಯೊಳಗೆ ಬಣ್ಣ ಬೇಡ, ಅಲ್ಲಿಗೆ ಗ್ರೀಸ್. ಪೈಪಿನೊಳಗೆ ತುಕ್ಕು ತಡೆಯುವ ವ್ಯಾಕ್ಸ್ ಸ್ಪ್ರೇ ಮಾಡುವುದಾದರೆ ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಮಾಡಿ. ಮುಂಚೆಯೇ ಮಾಡಿದರೆ ಅದು ಸೋರಿದ ಕಡೆ ಬಣ್ಣ ಹಿಡಿಯುವುದಿಲ್ಲ.

ಮತ್ತೆ ಕೂರಿಸುವುದು

ಸೀಟು ಹೊರಗಿರುವಾಗಲೇ ಮ್ಯಾಟ್ ಎತ್ತಿ ನೆಲದ ತಗಡು ನೋಡಿ, ಗಾಜಿನ ರಬ್ಬರ್ ಬದಲಿಸಿ. ಹಳೆ ಬೋಲ್ಟ್ ಸವೆದಿದ್ದರೆ ಅದೇ ಅಳತೆಯ, ತಲೆಯ ಮೇಲೆ ಗಟ್ಟಿತನ ತೋರಿಸುವ ಅದೇ ನಂಬರ್ ಇರುವುದನ್ನೇ ತನ್ನಿ. ಹಳೆಯದರ ಮೇಲೆ 8.8 ಅಂತಿದ್ದರೆ ಗ್ರಿಲ್ ಕೆಲಸದ ಮಾಮೂಲಿ ಬೋಲ್ಟ್ ನಡೆಯುವುದಿಲ್ಲ. ಕೂರಿಸಿದ ಮೇಲೆ ಸೀಟನ್ನು ಹಿಂದೆ ಮುಂದೆ ಸರಿಸಿ, ಎರಡೂ ಕಡೆಯ ಹಳಿ ಒಟ್ಟಿಗೆ ಲಾಕ್ ಆಗುತ್ತದಾ ನೋಡಿ. ಹೊಸಪೇಟೆವರೆಗೆ ಒಮ್ಮೆ ಹೋಗಿ ಬಂದು ನಾಲ್ಕೂ ಬೋಲ್ಟುಗಳಿಗೆ ಇನ್ನೊಂದು ಸಲ ಪಾನಾ ಹಾಕಿ.