ಸೋತವರ ಹೆಸರೂ ಬೇಕು: ಮರ್ಥರ್ ಟಿಡ್‌ವಿಲ್‌ನ ಹಳೆಯ ಚುನಾವಣಾ ಫಲಿತಾಂಶ ಕಲೆಹಾಕಿದ ನನ್ನ ಅನುಭವ

2017ರ ಮೇ 4ರಂದು, ವೇಲ್ಸ್‌ನ ಮರ್ಥರ್ ಟಿಡ್‌ವಿಲ್ ಊರಿನ ಕೌನ್ಸಿಲ್ ಚುನಾವಣೆಗೆ, ಪೆನಡಾರೆನ್ ವಾರ್ಡಿನ ಮತಗಟ್ಟೆಯೊಳಗೆ ಹೋದಾಗ ನನ್ನ ಕಣ್ಣು ಮೊದಲು ಹುಡುಕಿದ್ದು ಬೆರಳಿಗೆ ಹಚ್ಚುವ ಶಾಯಿಯನ್ನು. ಶಾಯಿ ಇರಲಿಲ್ಲ. ಹಲಗೆಯ ಮರೆಯಲ್ಲಿ ದಾರಕ್ಕೆ ಕಟ್ಟಿದ ಮೊಂಡು ಪೆನ್ಸಿಲ್ ಇತ್ತು. ಭಾರತದ ಪಾಸ್‌ಪೋರ್ಟ್ ಹೊಂದಿದವರೂ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ, ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ, ಅಲ್ಲಿನ ಚುನಾವಣೆಗಳಲ್ಲಿ ಮತ ಹಾಕಬಹುದು. ನನಗೆ ಸಿಕ್ಕಿದ್ದು ಉದ್ದನೆಯ ಮತಪತ್ರ. ಮೂವರಿಗಿಂತ ಹೆಚ್ಚು ಜನರಿಗೆ ಗುರುತು ಹಾಕಬಾರದೆಂಬ ಸೂಚನೆ ಇಂಗ್ಲಿಷಿನಲ್ಲೂ ವೆಲ್ಶ್ ಭಾಷೆಯಲ್ಲೂ ಇತ್ತು. ಒಂದೇ ವಾರ್ಡಿಗೆ ಮೂರು ಸ್ಥಾನ, ಒಬ್ಬ ಮತದಾರನಿಗೆ ಮೂರು ಮತ. ನಮ್ಮ ಗ್ರಾಮ ಪಂಚಾಯಿತಿಯ ಬಹುಸದಸ್ಯ ಕ್ಷೇತ್ರಗಳನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ದಕ್ಷಿಣ ವೇಲ್ಸ್‌ನ ಕಣಿವೆಯೊಂದರಲ್ಲಿ ಅದೇ ಪದ್ಧತಿ ಎದುರಾದಾಗ ಮೈ ಜುಮ್ಮೆಂದಿತು. ಹಳೆಯ ಫಲಿತಾಂಶಗಳನ್ನು ನೋಡಬೇಕೆಂಬ ಆಸೆ ಹುಟ್ಟಿದ್ದು ಆ ಪೆನ್ಸಿಲ್ ಹಿಡಿದು ನಿಂತಾಗಲೇ.

ನಾನು ಭದ್ರಾವತಿಯವನು. ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಊಟ ಮಾಡಿ ಬೆಳೆದವನು. ಮರ್ಥರ್ ಟಿಡ್‌ವಿಲ್ ಒಂದು ಕಾಲದಲ್ಲಿ ಜಗತ್ತಿನ ಕಬ್ಬಿಣದ ರಾಜಧಾನಿಯಾಗಿತ್ತು. ಡೌಲೈಸ್, ಕವಾರ್ಥ್ವ, ಪ್ಲಿಮತ್, ಪೆನಡಾರೆನ್ ಅಲ್ಲಿನ ನಾಲ್ಕು ದೊಡ್ಡ ಕಾರ್ಖಾನೆಗಳು. 1804ರಲ್ಲಿ ರಿಚರ್ಡ್ ಟ್ರೆವಿಥಿಕ್‌ನ ಉಗಿಯಂತ್ರ ಹಳಿಯ ಮೇಲೆ ಕಬ್ಬಿಣ ಎಳೆದುಕೊಂಡು ಹೊರಟದ್ದು ಪೆನಡಾರೆನ್‌ನಿಂದ. ಕುಲುಮೆಗಳೆಲ್ಲ ಆರಿ ಎಷ್ಟೋ ಕಾಲವಾಯಿತು. ಆದರೂ ಆ ನಾಲ್ಕೂ ಹೆಸರುಗಳು ವಾರ್ಡುಗಳ ಹೆಸರಾಗಿ ಮತಪತ್ರದ ಮೇಲೆ ಉಳಿದಿವೆ. ಇದು ತಿಳಿದ ಮೇಲೆ ಈ ಊರಿನ ಫಲಿತಾಂಶಗಳು ನನಗೆ ಪರರ ಊರಿನ ಅಂಕಿಗಳಾಗಿ ಉಳಿಯಲಿಲ್ಲ.

ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಲೇಬರ್ ಪಕ್ಷದ ಮೊದಲ ಸಂಸದೀಯ ನಾಯಕ ಕೀರ್ ಹಾರ್ಡಿ 1900ರಿಂದ 1915ರಲ್ಲಿ ಸಾಯುವವರೆಗೂ ಪ್ರತಿನಿಧಿಸಿದ ಊರಿದು. ಲೇಬರ್ ಎಂದರೆ ಮರ್ಥರ್ ಎನ್ನುವಂತಿತ್ತು. ಅಂಥ ಕಡೆ 1976ರಲ್ಲಿ ವೆಲ್ಶ್ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿ ಜಿಲ್ಲಾ ಕೌನ್ಸಿಲಿನ ಆಡಳಿತ ಹಿಡಿಯಿತು, 1979ರಲ್ಲಿ ಕಳೆದುಕೊಂಡಿತು. ಮೂರೇ ವರ್ಷದಲ್ಲಿ ಬಂದದ್ದೂ ಹೋದದ್ದೂ ಹೇಗೆ? ಸ್ಥಾನಗಳ ಲೆಕ್ಕ ಇದಕ್ಕೆ ಉತ್ತರ ಕೊಡುವುದಿಲ್ಲ. ಮತಗಳ ಲೆಕ್ಕ ಬೇಕು, ಅದೂ ವಾರ್ಡುವಾರು.

ಬ್ರಿಟನ್ನಿನ ಸ್ಥಳೀಯ ಚುನಾವಣೆಗಳ ಅಂಕಿಗಳನ್ನು ಕಾಲಿನ್ ರಾಲಿಂಗ್ಸ್ ಮತ್ತು ಮೈಕಲ್ ಥ್ರ್ಯಾಷರ್ ಎಂಬ ಇಬ್ಬರು ಪ್ರಾಧ್ಯಾಪಕರು ಪ್ಲಿಮತ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಕಲೆಹಾಕಿದ್ದಾರೆ. ಇಡೀ ದೇಶದ ಮಟ್ಟದ ಆ ಕೆಲಸದ ಮುಂದೆ ನನ್ನದು ಅಂಗೈಯಗಲದ್ದು. ಒಂದೇ ಜಿಲ್ಲೆ, ಆರೇ ಚುನಾವಣೆ. ಪ್ರತಿಯೊಂದು ಅಂಕಿಯನ್ನೂ ಆ ಕಾಲದ ಪತ್ರಿಕೆಯೊಡನೆ ತಾಳೆ ನೋಡುವುದು. (ಡೆವನ್‌ನ ಪ್ಲಿಮತ್ ನಗರ ಬೇರೆ, ಮರ್ಥರ್‌ನ ಪ್ಲಿಮತ್ ವಾರ್ಡು ಬೇರೆ. ಕಂಪ್ಯೂಟರಿನಲ್ಲಿ ಹುಡುಕುವಾಗ ಈ ಎರಡು ಹೆಸರು ಬೆರೆತು ಬಹಳ ಹೊತ್ತು ಕಳೆದಿದ್ದೇನೆ.)

ಕಾಲದ ಗಡಿ ಹಾಕಿಕೊಳ್ಳುವುದು ಸುಲಭವಾಯಿತು. 1972ರ ಸ್ಥಳೀಯ ಸರ್ಕಾರ ಕಾಯ್ದೆಯಂತೆ 1974ರ ಏಪ್ರಿಲ್ 1ರಿಂದ ವೇಲ್ಸ್‌ನಲ್ಲಿ 8 ಕೌಂಟಿಗಳೂ ಅವುಗಳ ಕೆಳಗೆ 37 ಜಿಲ್ಲೆಗಳೂ ಬಂದವು. ಮರ್ಥರ್ ಮಿಡ್ ಗ್ಲಾಮೋರ್ಗನ್ ಕೌಂಟಿಯ ಒಂದು ಜಿಲ್ಲೆ. ಜಿಲ್ಲಾ ಚುನಾವಣೆ ನಡೆದದ್ದು 1973, 1976, 1979, 1983, 1987 ಮತ್ತು 1991ರಲ್ಲಿ. 1996ರಲ್ಲಿ ಎರಡೂ ಹಂತಗಳನ್ನು ಅಳಿಸಿ 22 ಏಕಹಂತದ ಆಡಳಿತಗಳನ್ನು ಮಾಡಿದರು. ಹೀಗಾಗಿ ಆರು ಚುನಾವಣೆಗಳಿಗೆ ಆರು ಹಾಳೆಗಳು.

1973ಕ್ಕಿಂತ ಹಿಂದಿನದನ್ನು ಇದಕ್ಕೆ ಜೋಡಿಸಬೇಡಿ ಎಂದು ನನಗೆ ಯಾರಾದರೂ ಮೊದಲೇ ಹೇಳಬೇಕಿತ್ತು. 1908ರಿಂದ ಮರ್ಥರ್ ಕೌಂಟಿ ಬರೋ (ಕೌಂಟಿಯ ಕೈಕೆಳಗಿಲ್ಲದ ನಗರಾಡಳಿತ) ಆಗಿದ್ದ ಕಾಲದಲ್ಲಿ ಪ್ರತಿವರ್ಷ ಮೂರನೇ ಒಂದು ಭಾಗದ ಸದಸ್ಯರಿಗೆ ಮಾತ್ರ ಚುನಾವಣೆ. ಅದರ ಮೇಲೆ ಆಲ್ಡರ್‌ಮನ್ ಎಂಬ ಹಿರಿಯ ಸದಸ್ಯರು. ಅವರನ್ನು ಕೌನ್ಸಿಲರುಗಳೇ ಆರಿಸುತ್ತಿದ್ದರು, ಜನರಲ್ಲ. ಜಿಲ್ಲೆಯ ಎಲ್ಲೆಯೂ ಬದಲಾಗಿತ್ತು: 1974ರಲ್ಲಿ ಬ್ರೆಕನ್‌ಷೈರಿನಿಂದ ವೇನರ್, ಗೆಲಿಗೇರ್ ಪಟ್ಟಣ ಜಿಲ್ಲೆಯಿಂದ ಬೆಡ್ಲಿನಾಗ್ ಬಂದು ಮರ್ಥರ್‌ಗೆ ಸೇರಿದವು. ಎರಡು ಕಾಲದ ಅಂಕಿಗಳನ್ನು ಒಂದೇ ಗೆರೆಯಲ್ಲಿ ಎಳೆದ ನನ್ನ ಮೊದಲ ನಕ್ಷೆಯನ್ನು ಹರಿದುಹಾಕಬೇಕಾಯಿತು.

ಮೊದಲು ನಾನು ಹೋದದ್ದು ಕೌನ್ಸಿಲಿನ ನಡಾವಳಿ ಪುಸ್ತಕಗಳ ಬಳಿಗೆ. ದಪ್ಪ ರಟ್ಟು, ಅಚ್ಚುಕಟ್ಟಾದ ಪಟ್ಟಿಗಳು, ಯಾವ ವಾರ್ಡಿಗೆ ಯಾರು ಸದಸ್ಯರು ಎಂಬ ಸ್ಪಷ್ಟ ವಿವರ. ಎರಡು ವಾರ ಖುಷಿಯಿಂದ ನಕಲು ಮಾಡಿಕೊಂಡೆ. ಆಮೇಲೆ ಹೊಳೆಯಿತು: ಇದರಲ್ಲಿ ಇರುವವರೆಲ್ಲ ಗೆದ್ದವರು. ಸೋತವರಿಗೆ ನಡಾವಳಿಯಲ್ಲಿ ಜಾಗವಿಲ್ಲ. 1976ರಲ್ಲಿ ಗೆದ್ದವರು 1973ರಲ್ಲಿ ಎಲ್ಲಿದ್ದರು, ನಿಂತು ಸೋತಿದ್ದರೇ, ಎಷ್ಟರಲ್ಲಿ ಸೋತಿದ್ದರು ಎಂಬುದೇ ನನ್ನ ಪ್ರಶ್ನೆಯ ಹೊಟ್ಟೆ. ಅದು ಸಿಗುವುದು ಪತ್ರಿಕೆಗಳಲ್ಲಿ ಮಾತ್ರ.

1864ರಿಂದ ಬರುತ್ತಿದ್ದ ಮರ್ಥರ್ ಎಕ್ಸ್‌ಪ್ರೆಸ್ ವಾರಪತ್ರಿಕೆ ಹೀಗೆ ನನ್ನ ಮುಖ್ಯ ಆಧಾರವಾಯಿತು. ಅಬರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಆದರೆ ಅವೆಲ್ಲ ಹೆಚ್ಚುಕಡಿಮೆ ಮೊದಲ ಮಹಾಯುದ್ಧದವರೆಗಿನವು. ನನಗೆ ಬೇಕಾದ ಎಪ್ಪತ್ತರ ದಶಕಕ್ಕೆ ಮೈಕ್ರೋಫಿಲ್ಮೇ ಗತಿ. ಸುರುಳಿಯನ್ನು ಯಂತ್ರಕ್ಕೆ ಏರಿಸಿ ಹಿಡಿಕೆ ತಿರುಗಿಸುತ್ತ ಕುಳಿತರೆ ಜಾಹೀರಾತು, ಮದುವೆ, ರಗ್ಬಿ ಪಂದ್ಯ, ಗಣಿ ಸುದ್ದಿ ಎಲ್ಲ ಬೂದುಬಣ್ಣದಲ್ಲಿ ಹರಿದುಹೋಗುತ್ತವೆ. ಮತದಾನ ಗುರುವಾರ, ಪೂರ್ತಿ ಫಲಿತಾಂಶಕ್ಕೆ ಅದರ ಮುಂದಿನ ವಾರದ ಸಂಚಿಕೆಯನ್ನೂ ನೋಡಬೇಕು.

ಒಂದು ಸಂಜೆ ಒಂದು ಅಂಕಿಯ ಮೊದಲ ಅಕ್ಷರದ ಮೇಲೆಯೇ ಗೀರು ಬಿದ್ದಿತ್ತು. 347 ಆಗಿರಬಹುದು, 847 ಆಗಿರಬಹುದು. ಬೆಳಕು ಹೆಚ್ಚಿಸಿದೆ, ತಗ್ಗಿಸಿದೆ, ಕನ್ನಡಕ ಒರೆಸಿಕೊಂಡೆ. ಆಮೇಲೆ ಕಣ್ಣು ಬಿಟ್ಟು ತಲೆ ಓಡಿಸಿದೆ. ಆ ಪತ್ರಿಕೆ ಅಭ್ಯರ್ಥಿಗಳನ್ನು ಮತಗಳ ಇಳಿಕೆ ಕ್ರಮದಲ್ಲಿ ಅಚ್ಚು ಹಾಕಿತ್ತು. ಮೇಲಿನವರಿಗೆ 791. ಹಾಗಾದರೆ ಕೆಳಗಿನದು 847 ಆಗಲು ಸಾಧ್ಯವೇ ಇಲ್ಲ. ಮತ್ತೊಂದು ದಿನಪತ್ರಿಕೆಯಲ್ಲಿ ಅದೇ ಫಲಿತಾಂಶ ಸಿಕ್ಕಾಗ ಅಲ್ಲೂ 347 ಎಂದೇ ಇತ್ತು. ಅಂದಿನಿಂದ ನನ್ನ ಪಟ್ಟಿಯಲ್ಲಿ ಪ್ರತಿ ಅಂಕಿಯ ಪಕ್ಕಕ್ಕೂ ಎರಡು ಅಂಕಣ: ಎಲ್ಲಿ ಓದಿದೆ, ಎಷ್ಟು ಸ್ಪಷ್ಟವಾಗಿತ್ತು. ಊಹಿಸಿದ ಅಂಕಿಯನ್ನು ಬೇರೆ ಬಣ್ಣದಲ್ಲಿ ಬರೆದೆ.

ಬಹುಸದಸ್ಯ ವಾರ್ಡಿನ ಲೆಕ್ಕ ಹೊಸಬರನ್ನು ದಿಕ್ಕು ತಪ್ಪಿಸುವ ಜಾಗ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೂರು ಸ್ಥಾನಗಳ ಒಂದು ವಾರ್ಡು ಎಂದಿಟ್ಟುಕೊಳ್ಳಿ. ಒಂದು ಪಕ್ಷ ಮೂವರನ್ನು ನಿಲ್ಲಿಸಿ 900, 850, 800 ಮತ ಪಡೆಯಿತು. ಇನ್ನೊಂದು ಪಕ್ಷ ಒಬ್ಬರನ್ನೇ ನಿಲ್ಲಿಸಿ 700 ಪಡೆಯಿತು. ಎಲ್ಲವನ್ನೂ ಕೂಡಿಸಿದರೆ ಮೊದಲ ಪಕ್ಷಕ್ಕೆ ಶೇ. 78, ಎರಡನೆಯದಕ್ಕೆ ಶೇ. 22. ಪ್ರತಿ ಪಕ್ಷದ ಅತಿ ಹೆಚ್ಚು ಮತ ಪಡೆದ ಅಭ್ಯರ್ಥಿಯನ್ನು ಮಾತ್ರ ತೆಗೆದುಕೊಂಡರೆ ಶೇ. 56 ಮತ್ತು ಶೇ. 44. ಒಂದೇ ವಾರ್ಡು, ಅವೇ ಮತಪತ್ರಗಳು. ಒಂದು ಲೆಕ್ಕದಲ್ಲಿ ಏಕಪಕ್ಷೀಯ ಗೆಲುವು, ಇನ್ನೊಂದರಲ್ಲಿ ಬಿರುಸಿನ ಪೈಪೋಟಿ. ಎರಡನೆಯ ಲೆಕ್ಕವೇ ಜನರ ಮನಸ್ಸಿಗೆ ಹತ್ತಿರವೆಂದು ನನ್ನ ಅಭಿಪ್ರಾಯ. ಏಕೆಂದರೆ ಆ 700 ಜನರ ಉಳಿದೆರಡು ಮತಗಳಿಗೆ ಅವರ ಪಕ್ಷದ ಅಭ್ಯರ್ಥಿಯೇ ಇರಲಿಲ್ಲ. ಕೆಲವರು ಅವನ್ನು ಎದುರಾಳಿಗಳಿಗೆ ಕೊಟ್ಟಿರುತ್ತಾರೆ, ಕೆಲವರು ಖಾಲಿ ಬಿಟ್ಟಿರುತ್ತಾರೆ. ಇದೇ ಕಾರಣಕ್ಕೆ ಅಭ್ಯರ್ಥಿಗಳ ಮತ ಕೂಡಿಸಿ ಮತದಾನದ ಪ್ರಮಾಣ ತೆಗೆಯುವುದೂ ತಪ್ಪು. ಸ್ಥಾನಗಳಿಂದ ಭಾಗಿಸಿದರೆ ಬರುವುದು ಕನಿಷ್ಠ ಅಂದಾಜು ಅಷ್ಟೇ. ಎಷ್ಟು ಮತಪತ್ರ ಕೊಟ್ಟರು ಎಂಬ ದಾಖಲೆ ಸಿಕ್ಕಿದರೆ ಮಾತ್ರ ಆ ಅಂಕಣ ತುಂಬುತ್ತೇನೆ.

ಅವಿರೋಧ ಆಯ್ಕೆಯ ಸಾಲುಗಳು ಇನ್ನೊಂದು ಪಾಠ ಕಲಿಸಿದವು. ಅಲ್ಲಿ ಮತವೇ ನಡೆದಿಲ್ಲ. ಆರಂಭದಲ್ಲಿ ನಾನು ಸೊನ್ನೆ ಹಾಕುತ್ತಿದ್ದೆ. ಸರಾಸರಿ ತೆಗೆದಾಗ ಗೆದ್ದ ಪಕ್ಷದ ಬಲ ಪಾತಾಳಕ್ಕೆ ಇಳಿಯಿತು. ಎದುರಾಳಿಯೇ ಸಿಗದಷ್ಟು ಬಲವಿದ್ದ ಕಡೆ ಸೊನ್ನೆ! ಸೊನ್ನೆ ಬೇರೆ, ಖಾಲಿ ಬೇರೆ. ಅಲ್ಲಿ ಸ್ಥಳೀಯ ಚುನಾವಣೆಗೆ ಠೇವಣಿ ಇಲ್ಲ. ಆ ಕಾಲದಲ್ಲಿ ವಾರ್ಡಿನ ಹತ್ತು ಮತದಾರರ ಸಹಿ ಇದ್ದರೆ ನಾಮಪತ್ರ ಸಿಂಧು. ಅಷ್ಟು ಸುಲಭವಿದ್ದೂ ಯಾರೂ ಎದುರು ನಿಲ್ಲಲಿಲ್ಲ ಎಂಬುದೇ ಒಂದು ಸುದ್ದಿ. ಆದ್ದರಿಂದ ಪಟ್ಟಿಯ ಅಂಥ ಮನೆಗಳನ್ನು ಖಾಲಿ ಬಿಟ್ಟು, ಪಕ್ಕದಲ್ಲಿ 'ಅವಿರೋಧ' ಎಂದು ಬರೆಯುತ್ತೇನೆ.

ಪಕ್ಷದ ಹೆಸರಿನ ವಿಚಾರಕ್ಕೆ ಬಂದರೆ ಮರ್ಥರ್ ವಿಶೇಷ ಎಚ್ಚರ ಬೇಡುವ ಊರು. 1969ರ ಕಾಯ್ದೆಗೆ ಮುಂಚೆ ಬ್ರಿಟನ್ನಿನ ಮತಪತ್ರದ ಮೇಲೆ ಪಕ್ಷದ ಹೆಸರೇ ಇರುತ್ತಿರಲಿಲ್ಲ. ಆ ಬದಲಾವಣೆಯ ನಂತರದ ಮೊದಲ ಸಾರ್ವತ್ರಿಕ ಚುನಾವಣೆ 1970ರದ್ದು. ವಯಸ್ಸಾಯಿತೆಂದು ಲೇಬರ್ ಪಕ್ಷ ಟಿಕೆಟ್ ಕೊಡದಿದ್ದ ಹಾಲಿ ಸಂಸದ ಎಸ್. ಒ. ಡೇವಿಸ್ ಆಗ ಮರ್ಥರ್‌ನಲ್ಲಿ ಸ್ವತಂತ್ರರಾಗಿ ನಿಂತು, ಅಧಿಕೃತ ಲೇಬರ್ ಅಭ್ಯರ್ಥಿಯನ್ನು 7,467 ಮತಗಳಿಂದ ಸೋಲಿಸಿದರು. ಊರಿನವರು ಕೊಟ್ಟದ್ದು ಲೇಬರ್ ವಿರೋಧಿ ಮತವೇ? ಅಲ್ಲ. ತಾವೇ ನಿಜವಾದ ಲೇಬರ್ ಎಂದು ಕೊಟ್ಟ ಮತ. ಆದ್ದರಿಂದ 'ಸ್ವತಂತ್ರ' ಎಂಬ ಪದ ಕಂಡ ಕೂಡಲೇ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುವುದನ್ನು ಬಿಟ್ಟೆ. ಪತ್ರಿಕೆಯಲ್ಲಿ ಅಚ್ಚಾದ ಗುರುತನ್ನು ಇದ್ದಂತೆಯೇ ಒಂದು ಅಂಕಣದಲ್ಲಿ, ನನ್ನ ವರ್ಗೀಕರಣವನ್ನು ಇನ್ನೊಂದರಲ್ಲಿ ಇಟ್ಟೆ. ಮುಂದೆ ಯಾರಿಗಾದರೂ ನನ್ನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೂಲ ಅವರ ಕೈಗೆ ಸಿಗಬೇಕು.

ಡೇವಿಸ್ ಅವರ ಮರಣದ ನಂತರ 1972ರ ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆಯಿತು. ಲೇಬರ್‌ನ ಟೆಡ್ ರೋಲ್ಯಾಂಡ್ಸ್ ಗೆದ್ದರು. ಎರಡನೆಯ ಸ್ಥಾನಕ್ಕೆ ಬಂದವರು ಪ್ಲೈಡ್ ಕಮ್ರಿಯ ಎಮ್ರಿಸ್ ರಾಬರ್ಟ್ಸ್. ಅಂತರ 3,710. ನಾಲ್ಕು ವರ್ಷದ ನಂತರ ಕೌನ್ಸಿಲಿನಲ್ಲಿ ಪ್ಲೈಡ್ ಗುಂಪನ್ನು ಮುನ್ನಡೆಸಿದವರು ಇದೇ ರಾಬರ್ಟ್ಸ್. ಸೋತವರ ಪಟ್ಟಿ ಇಟ್ಟುಕೊಳ್ಳದವರಿಗೆ 1976 ಆಕಾಶದಿಂದ ಬಿದ್ದಂತೆ ಕಾಣುತ್ತದೆ. ಇಟ್ಟುಕೊಂಡವರಿಗೆ ಅದು ಬರುತ್ತಿರುವುದು ಮೊದಲೇ ಕಾಣುತ್ತದೆ.

ಹೆಸರುಗಳ ವಿಷಯದಲ್ಲಿ ನನಗೆ ನಿದ್ದೆ ಕೆಟ್ಟಿದೆ. ಜೋನ್ಸ್, ಡೇವಿಸ್, ಇವಾನ್ಸ್, ವಿಲಿಯಮ್ಸ್, ಥಾಮಸ್: ಊರಿಗೆ ಊರೇ ಇವರದು. ಹಾಲು ಮಾರುವವರನ್ನು ಹಾಲಿನ ಜೋನ್ಸ್ ಎಂದು ಕಸುಬಿನಿಂದ ಗುರುತಿಸುವ ರೂಢಿ ವೇಲ್ಸ್‌ನಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. 1973ರ ಡಿ. ಜೋನ್ಸ್ ಅವರೇ 1976ರ ಡಿ. ಜೋನ್ಸ್ ಅವರೇ? ಪತ್ರಿಕೆಯಲ್ಲಿ ವಿಳಾಸವೋ ವೃತ್ತಿಯೋ ಇದ್ದರೆ ಹೋಲಿಸಿ ನೋಡುತ್ತೇನೆ, ಆದರೆ ವಿಳಾಸವನ್ನು ನನ್ನ ಪಟ್ಟಿಗೆ ಸೇರಿಸುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಆ ಮನೆಗಳಲ್ಲೇ ಇರಬಹುದು. ಸಾಕ್ಷಿ ಸಾಲದಿದ್ದರೆ ಇಬ್ಬರೆಂದೇ ಇಟ್ಟುಕೊಳ್ಳುತ್ತೇನೆ.

ಇನ್ನೆರಡು ಎಚ್ಚರಿಕೆಗಳಿವೆ. ಕೌಂಟಿ ಚುನಾವಣೆಗಳು 1973, 1977, 1981 ಹೀಗೆ ಬೇರೆ ಸರಣಿಯಲ್ಲಿ ನಡೆದವು. 1973ರಲ್ಲಿ ಎರಡೂ ಒಂದೇ ವಸಂತದಲ್ಲಿ, ಕೌಂಟಿಗೆ ಏಪ್ರಿಲ್, ಜಿಲ್ಲೆಗೆ ಮೇ. ಒಂದೇ ಊರಿನ ಹೆಸರು, ಹಲವು ಕಡೆ ಅವೇ ಅಭ್ಯರ್ಥಿಗಳು. ನಾನು ಒಂದು ಇಡೀ ಪುಟದ ಕೌಂಟಿ ಫಲಿತಾಂಶವನ್ನು ಜಿಲ್ಲೆಯದೆಂದು ತುಂಬಿಸಿ ಮತ್ತೆ ಅಳಿಸಿದೆ. ಎರಡನೆಯದು 1979. ಆ ವರ್ಷ ಜಿಲ್ಲಾ ಚುನಾವಣೆ ಮೇ 3ರಂದು, ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದ ಸಾರ್ವತ್ರಿಕ ಚುನಾವಣೆಯ ದಿನವೇ ನಡೆಯಿತು. ಕೌನ್ಸಿಲಿಗಾಗಿ ಮನೆಯಿಂದ ಹೊರಡದವರೂ ಅಂದು ಮತಗಟ್ಟೆಗೆ ಬಂದು ಎರಡು ಮತಪತ್ರ ತೆಗೆದುಕೊಂಡರು. ಎರಡು ತಿಂಗಳ ಹಿಂದಷ್ಟೇ, ಮಾರ್ಚ್ 1ರಂದು, ವೇಲ್ಸ್‌ಗೆ ಪ್ರತ್ಯೇಕ ಅಸೆಂಬ್ಲಿ ಬೇಕೇ ಎಂಬ ಜನಮತಗಣನೆಯಲ್ಲಿ ಸುಮಾರು ಶೇ. 80ರಷ್ಟು ಮತ ಬೇಡವೆಂದು ಬಿದ್ದಿತ್ತು. ಪ್ಲೈಡ್ ಸೋತದ್ದನ್ನು ಅದರ ಮೂರು ವರ್ಷದ ಆಡಳಿತದ ಮೇಲಿನ ತೀರ್ಪು ಎಂದು ಮಾತ್ರ ಓದುವುದು ಅನ್ಯಾಯ. ಆ ದಿನ ಮತಗಟ್ಟೆಗೆ ಬಂದ ಜನಸಮೂಹವೇ ಬೇರೆ.

ನಾನು ಮತ ಹಾಕಿದ 2017ರ ಚುನಾವಣೆಯನ್ನೂ ಅಭ್ಯಾಸಕ್ಕೆಂದು ಇದೇ ನಮೂನೆಯಲ್ಲಿ ತುಂಬಿಸಿದೆ. ಅಭ್ಯರ್ಥಿಯೊಬ್ಬರ ಸಾವಿನಿಂದ ಕವಾರ್ಥ್ವ ವಾರ್ಡಿನ ಮತದಾನ ಜೂನ್ 8ಕ್ಕೆ ಹೋಗಿತ್ತು. ಒಂದು ಚುನಾವಣೆಗೆ ಎರಡು ದಿನಾಂಕ. ಅದಕ್ಕಾಗಿ ವರ್ಷದ ಅಂಕಣವನ್ನು ತೆಗೆದು ಪೂರ್ಣ ದಿನಾಂಕದ ಅಂಕಣ ಮಾಡಿದೆ, ಆರೂ ಹಾಳೆಗಳಲ್ಲಿ.

ಗ್ರಂಥಾಲಯದಲ್ಲಿ ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ನಾನು ಏನು ಹುಡುಕುತ್ತೇನೆಂದು ಕೇಳಿ ತಿಳಿದು, ತಮ್ಮ ತಾಯಿ ಒಮ್ಮೆ ನಿಂತಿದ್ದರು, ಸೋತಿದ್ದರು, ಯಾವ ವರ್ಷವೋ ನೆನಪಿಲ್ಲ ಎಂದರು. ನನ್ನ ಪಟ್ಟಿಯಲ್ಲಿ ಹುಡುಕಿದೆ. ಸಿಗಲಿಲ್ಲ. ಎಪ್ಪತ್ತಕ್ಕಿಂತ ಹಿಂದೆ ಇರಬಹುದು ಎಂದರು. ಆ ಕಾಲದ ವಾರ್ಷಿಕ ಚುನಾವಣೆಗಳನ್ನು ಪ್ರತ್ಯೇಕ ಕಡತದಲ್ಲಿ, 1972ರಿಂದ ಹಿಂದಕ್ಕೆ, ಆರಂಭಿಸಿದ್ದೇನೆ. ಈ ವಾರ 1968ರ ಮೇ ತಿಂಗಳ ಸುರುಳಿ ಯಂತ್ರದ ಮೇಲಿದೆ.