ಬೈತಖೋಲದಲ್ಲಿ ಹಾಯಿದೋಣಿ ಎಲ್ಲಿತ್ತು? ನಮ್ಮ ಚಿತ್ರ ನಾವೇ ನೋಡುವ ಬಗೆ

ನಮ್ಮ ಚಿತ್ರಕಲೆ ಕ್ಲಾಸಿನಲ್ಲಿ ಸೆಮಿಸ್ಟರ್ ಮುಗಿಯುವಾಗ ಪೋರ್ಟ್‌ಫೋಲಿಯೋ (ಬಿಡಿಸಿದ ಚಿತ್ರಗಳ ಕಟ್ಟು) ಜೊತೆ 'ನನ್ನ ಕೆಲಸದ ಬಗ್ಗೆ' ಅಂತ ಒಂದು ಪುಟ ಬರೆದು ಕೊಡಬೇಕು. ಮೊದಲ ಸಲ ನಾನು ಬರೆದದ್ದು ಇಷ್ಟು: ನನಗೆ ಕಡಲು ಇಷ್ಟ, ಬಣ್ಣ ಇಷ್ಟ, ಕಾರವಾರ ಇಷ್ಟ. ಸರ್ ಓದಿ ಸುಮ್ನೆ ವಾಪಸ್ ಕೊಟ್ಟರು. ಸರಿಯೇ, ಆ ಪುಟವನ್ನು ಯಾರ ಚಿತ್ರದ ಕೆಳಗೆ ಅಂಟಿಸಿದರೂ ನಡೆಯುತ್ತಿತ್ತು.

ಈಗ ನಾನು ಮಾಡುವುದು ಹೀಗೆ. ಮೊದಲು ಎಲ್ಲ ಹಾಳೆ ನೆಲದ ಮೇಲೆ ಹರಡಿ. ಚೆನ್ನಾಗಿ ಬಂದದ್ದು ಮಾತ್ರ ಅಲ್ಲ, ಅರ್ಧಕ್ಕೆ ಬಿಟ್ಟದ್ದು, ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದು ಕೂಡ (ನಮ್ಮೂರಿನ ಜುಲೈಯಲ್ಲಿ ವಾಟರ್‌ಕಲರ್ ಒಣಗುವುದೇ ಇಲ್ಲ, ಅದು ಬೇರೆ ಕತೆ). ಫೋನಿನಲ್ಲಿ ಒಂದೊಂದಾಗಿ ನೋಡಿದರೆ ಉಪಯೋಗವಿಲ್ಲ. ಒಟ್ಟಿಗೆ ಇಟ್ಟಾಗಲೇ ಕೈಯ ಚಾಳಿ ಕಾಣುವುದು.

ನನ್ನ ಚಾಳಿ ದೋಣಿಯಲ್ಲಿ ಸಿಕ್ಕಿತು. 11 ಚಿತ್ರಗಳಲ್ಲಿ ದೋಣಿ ಇತ್ತು, 11ರಲ್ಲೂ ಅದೇ ಪಕ್ಕದ ನೋಟ, ಅದೇ ತ್ರಿಕೋನದ ಹಾಯಿ. ಬಿಡಿಸಿದ್ದು ಕಾರವಾರದ ಬೈತಖೋಲ ಬಂದರಿನಲ್ಲೇ ಕೂತು, ಎದುರಿಗಿದ್ದದ್ದು ಡೀಸೆಲ್ ಬೋಟುಗಳು, ರಾಶಿ ಬಿದ್ದ ಬಲೆ, ಐಸ್ ಪೆಟ್ಟಿಗೆ, ಆದರೆ ಕೈ ಮಾತ್ರ ಎರಡನೇ ಕ್ಲಾಸಿನಲ್ಲಿ ಕಲಿತ ದೋಣಿಯನ್ನೇ ಬಿಡಿಸುತ್ತಾ ಹೋಗಿತ್ತು. ಹಾಗಾಗಿ ಪ್ರತಿ ಚಿತ್ರಕ್ಕೂ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಯಾವುದು ನಾನು ನೋಡಿದ್ದು, ಯಾವುದು ಮೊದಲೇ ಗೊತ್ತಿದ್ದದ್ದು? ಪೆನ್ಸಿಲ್ಲಿನಲ್ಲಿ ಗುರುತು ಹಾಕಿ.

ಆಮೇಲೆ ಕಲೆ ಓದದವರಿಗೆ ತೋರಿಸಿ. ಗೆಳತಿಯರು 'ಸೂಪರ್' ಅಂತಾರೆ, ಅದರಿಂದ ಏನೂ ಸಿಗುವುದಿಲ್ಲ. ನಮ್ಮ ಬೀದಿಗೆ ಮೀನು ತರುವ ಅಕ್ಕನಿಗೆ ನನ್ನ ಬಂಗಡೆ ತೋರಿಸಿದೆ. "ಇದು ಯಾವ ಮೀನು ತಂಗಿ?" ಅಂದರು. ಬಂಗಡೆಯ ಬೆನ್ನಿನ ಕಪ್ಪು ಗೆರೆಗಳೇ ನನ್ನ ಚಿತ್ರದಲ್ಲಿ ಇರಲಿಲ್ಲ, ಬದಲಿಗೆ ದೊಡ್ಡ ದೊಡ್ಡ ಹುರುಪೆ ಹಾಕಿದ್ದೆ!

ಹಾಳೆಯ ಹಿಂದೆ ತಾರೀಖು ಬರೆಯಿರಿ. ನಾನು ಬರೆಯುತ್ತಿರಲಿಲ್ಲ. ಕಾಳಿ ನದಿಯ ಒಂದು ಸ್ಕೆಚ್‌ನಲ್ಲಿ ಎರಡು ಸೇತುವೆ ಇವೆ. ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು, ಹಾಗಾಗಿ ಅದಕ್ಕಿಂತ ಮೊದಲಿನದು ಅಂತ ಅಂದಾಜು ಮಾಡಬೇಕಾಯಿತು.

ಪೋಸ್ಟರ್ ಇದ್ದರೆ ಕಂಪ್ಯೂಟರಿನಲ್ಲಿ ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ನೋಡಿ. ಅಕ್ಷರ ಹಿನ್ನೆಲೆಯಲ್ಲಿ ಮುಳುಗಿದರೆ ತಪ್ಪು ಬಣ್ಣದ್ದಲ್ಲ, ಬೆಳಕು ನೆರಳಿನದ್ದು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ನೋಡಿದ್ದೀರಲ್ವಾ? ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಅದನ್ನು ಕೆರೆದರೆ ಒಳಗಿನ ಬಿಳಿ. ಎರಡೇ ಬಣ್ಣದಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತದೆ. ನನ್ನ ಪೋಸ್ಟರಿನಲ್ಲಿ ಒಂಬತ್ತು ಬಣ್ಣ ಇದ್ದವು. ಪ್ರಿಂಟ್ ಆಗಿ ಬಂದಾಗ ಕಡಲಿನ ನೀಲಿ ಮಂಕಾಗಿತ್ತು. ಅಂಗಡಿಯವರನ್ನು ಬೈದುಕೊಂಡೆ, ಆದರೆ ಆರ್‌ಜಿಬಿ (ಸ್ಕ್ರೀನಿನ ಕೆಂಪು-ಹಸಿರು-ನೀಲಿ ಬೆಳಕಿನ ಬಣ್ಣ) ಫೈಲ್ ಕೊಟ್ಟವಳು ನಾನೇ. ಸ್ಕ್ರೀನಿನ ಹೊಳೆಯುವ ನೀಲಿ ಪ್ರಿಂಟಿನ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಶಾಯಿಗೆ ಬರುವುದಿಲ್ಲ. ಎ4 ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೆ 2480 x 3508 ಪಿಕ್ಸೆಲ್, ಇದನ್ನೂ ಕೆಲಸ ಶುರು ಮಾಡುವಾಗಲೇ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಬರೆಯಿರಿ. 'ಕಡಲ ಸೊಬಗು' ಬೇಡ. 'ದೋಣಿಗೆ ಹಾಯಿ ಹಾಕಿದ್ದೆ, ಅಲ್ಲಿ ಹಾಯಿ ಇರಲಿಲ್ಲ' ಅಂತ ಬರೆಯಿರಿ. ಕೆಟ್ಟ ಚಿತ್ರವನ್ನೂ, ತಿದ್ದಿ ಬಿಡಿಸಿದ್ದನ್ನೂ ಅಕ್ಕಪಕ್ಕ ಇಡಿ. ತಿದ್ದಲು ನಾನು ಜೂನ್‌ನಲ್ಲಿ ಮತ್ತೆ ಬಂದರಿಗೆ ಹೋದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ, ಸಾಲಾಗಿ ಕಟ್ಟಿ ನಿಲ್ಲಿಸಿರುತ್ತಾರೆ, ಒಂದನ್ನೇ ಒಂದು ವಾರ ಕೂತು ಬಿಡಿಸಬಹುದು. ಕೊಡೆ ಹಿಡಿಯಲು ತಮ್ಮನನ್ನು ಕರೆದುಕೊಂಡು ಹೋಗಿ.